ಸೋಫಾ ಅಂಗಡಿಯಲ್ಲಿ ನಡೆದ ಹುಟ್ಟುಹಬ್ಬದ ಬಗ್ಗೆ ಹೇಳಿಕೆ

ಹೆಸರು: ಗುರುತಿನ ಚೀಟಿಯಲ್ಲಿ ಇರುವಂತೆ. ಮನೆಯಲ್ಲೂ ಬೀದಿಯಲ್ಲೂ ಕರೆಯುವುದು ಚಿನಕುರಳಿ ಎಂದು. ವಯಸ್ಸು: ಇಪ್ಪತ್ತೊಂದು. ಆಚರಿಸಿದ ಹುಟ್ಟುಹಬ್ಬಗಳ ಪ್ರಕಾರ ನೂರರ ಹತ್ತಿರ. ಕಾರಣ ಮುಂದೆ ಬರುತ್ತದೆ. ಉದ್ಯೋಗ: ತಾತನ ಸೋಫಾ ರಿಪೇರಿ ಅಂಗಡಿಯಲ್ಲಿ ಹೊಲಿಗೆ. ವಾಸ: ಅದೇ ಅಂಗಡಿಯ ಮೇಲಿನ ಮನೆ. ಕೇಳಿದ್ದನ್ನೂ ಕೇಳದೇ ಇದ್ದದ್ದನ್ನೂ ಈ ಮೂಲಕ ತಿಳಿಸುವುದೇನೆಂದರೆ:

ಮೂರು ವರ್ಷದ ಹಿಂದೆ ಸರ್ಕಾರ ನಮ್ಮ ಚರ್ಚಿಗೆ ಬೀಗ ಹಾಕಿತು. ಪರವಾನಗಿ ಇಲ್ಲದೆ ಪ್ರಾರ್ಥನೆಗೆ ಸೇರುವುದು ಅಪರಾಧವಾಯಿತು. ಪರವಾನಗಿ ಕೇಳಿದರೆ, ಬೀಗ ಹಾಕಿರುವ ಕಟ್ಟಡಕ್ಕೆ ಕೊಡಲು ಬರುವುದಿಲ್ಲ ಎಂಬ ಉತ್ತರ ಬಂತು. ಆ ಬೀಗಕ್ಕೆ ತಪ್ಪದೆ ಎಣ್ಣೆ ಬಿಡುತ್ತಿರುವ ಇಲಾಖೆಗೆ ನಾವು ಆಭಾರಿ.

ಆಗ ಪ್ರಾರ್ಥನೆ ನಡೆಸಿದ್ದಕ್ಕೆ ತಾತ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದರು. ಒಂದು ಕಿವಿಯನ್ನು ಅಲ್ಲೇ ಬಿಟ್ಟು ಬಂದರು. ಇನ್ನೊಮ್ಮೆ ನಡೆಸಿದರೆ ಹತ್ತು ವರ್ಷ ಎಂದು ನ್ಯಾಯಾಧೀಶರು ಹೇಳಿ ಕಳಿಸಿದ್ದರು. ತಾತನಿಗೆ ಈಗ ಎಪ್ಪತ್ತಾರು. ಅಂದಿನಿಂದ ಅವರು ಸೋಫಾ ಅಂಗಡಿ ಬಿಟ್ಟು ಬೇರೇನನ್ನೂ ನಡೆಸುತ್ತಿಲ್ಲವೆಂದು ದಪ್ಪಕ್ಷರದಲ್ಲಿ ಬರೆದುಕೊಳ್ಳಬೇಕಾಗಿ ವಿನಂತಿ.

ಹುಟ್ಟುಹಬ್ಬಕ್ಕೆ ಪರವಾನಗಿ ಬೇಕಿಲ್ಲ. ಆದ್ದರಿಂದ ಪ್ರತಿ ಭಾನುವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಹುಟ್ಟುಹಬ್ಬ. ಉಪಾಯ ನನ್ನದೇ. ಬಂದವರು ರಿಪೇರಿಗೆ ಬಂದ ಸೋಫಾಗಳ ಮೇಲೆ ಕೂರುತ್ತಾರೆ. ಯಾರಾದರೂ ಬಾಗಿಲು ತಟ್ಟಿದರೆ ಕೇಕಿನ ಮೇಲೆ ಮೇಣದಬತ್ತಿ ಹಚ್ಚಿ, ಎಲ್ಲರೂ ಹುಟ್ಟುಹಬ್ಬದ ಹಾಡು ಹೇಳುತ್ತಾರೆ.

ಇಂದು ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಸಾಹೇಬರು ಇಬ್ಬರು ಪೇದೆಗಳೊಂದಿಗೆ ಬಂದು ಬಾಗಿಲು ತಟ್ಟಿದರು. ನೆಲದ ಮೇಲೆ ಹೊಸ ಸೋಫಾ ಬಟ್ಟೆ ಹಾಸಿತ್ತು. ಅದನ್ನು ನೋಡಿ ಪೇದೆಯೊಬ್ಬರು ಹೇಳಿಸಿಕೊಳ್ಳದೆ ಬೂಟು ಬಿಚ್ಚಿಟ್ಟು ಬಾಗಿಲಲ್ಲೇ ನಿಂತರು. ಸಾಹೇಬರು ನೇರವಾಗಿ ಮೂಲೆಯ ಸೋಫಾದಲ್ಲಿ ಕೂರಲು ಹೋದರು.

“ಅಯ್ಯೋ, ಅದಕ್ಕೆ ಇನ್ನೂ ಸ್ಪ್ರಿಂಗ್ ಹಾಕಿಲ್ಲ ಸರ್,” ಎಂದು ನಾನು ಹೇಳುವಷ್ಟರಲ್ಲಿ ಮಂಡಿಗಳು ಮೇಲೆ, ಸಾಹೇಬರು ಕೆಳಗೆ. ತಾತ ಪಕ್ಕದಲ್ಲಿ ಕೂತಲ್ಲಿಂದಲೇ, ನಾನು ನಿಂತುಕೊಂಡು, ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಎಳೆದೆವು. ಯಾರೂ ನಗಲಿಲ್ಲ. ಇದು ನಮ್ಮ ಸಭೆಯ ಶಿಸ್ತಿಗೆ ಸಾಕ್ಷಿ.

ಅಷ್ಟರಲ್ಲಿ ಮೇಣದಬತ್ತಿ ಹಚ್ಚಿ ಶುರು ಮಾಡಿದ್ದ ಹಾಡು ಚೆನ್ನಾಗಿಯೇ ಮುಗಿಯಿತು. ಮುಗಿದ ಮೇಲೆ ಚಪ್ಪಾಳೆ ತಟ್ಟಬೇಕಿತ್ತು. ಹದಿನೇಳು ಜನ ಒಟ್ಟಿಗೆ ತಲೆ ಬಗ್ಗಿಸಿ “ಆಮೆನ್” ಅಂದುಬಿಟ್ಟರು.

“ಇಲ್ಲಿ ಪ್ರಾರ್ಥನೆ ನಡೆಸೋದು ಯಾರು?” ಎಂದು ಸಾಹೇಬರು ಕೇಳಿದರು.

ತಾತ ಗೋಡೆ ಹಿಡಿದು ಏಳತೊಡಗಿದರು. ಕಾಲು ಜೋಮು ಹಿಡಿದಿತ್ತೆಂದು ಕಾಣುತ್ತದೆ. ಮಂಡಿ ನೋವಿನಿಂದಾಗಿ ಅವರು ಎದ್ದು ನಿಲ್ಲಲು ಬಹಳ ಹೊತ್ತು ಬೇಕು. ಆ ಮಂಡಿಗೆ ನಾನು ಜನ್ಮವಿಡೀ ಕೃತಜ್ಞಳು. ಅವರು ನೆಟ್ಟಗಾಗುವ ಮೊದಲೇ ನಾನು, “ನಾನೇ ಸರ್,” ಎಂದೆ.

ಕೇಕು ತಂದಿದ್ದ ನಮ್ಮ ನರ್ಸ್ ಅತ್ತೆಗೆ ಕೆಮ್ಮು ಹತ್ತಿಕೊಂಡಿತು.

“ನೀನಾ? ನೋಡಿದ್ರೆ ಹಂಗೆ ಕಾಣಲ್ಲ.”

“ಎಲ್ರೂ ಹಂಗೇ ಅಂತಾರೆ ಸರ್.”

“ಹಾಗಾದ್ರೆ ಮಾಡು, ನೋಡೋಣ.”

ನಾನು ಕಣ್ಣು ಮುಚ್ಚಿದೆ. ಏನು ಬೇಡಿಕೊಳ್ಳಬೇಕೆಂದು ಹೊಳೆಯಲಿಲ್ಲ. ಆದ್ದರಿಂದ ನೆನಪಿಗೆ ಬಂದದ್ದಕ್ಕೆಲ್ಲ ವಂದನೆ ಹೇಳಿದೆ. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಕೇಕು ಮಾಡಿ ತರುವ ನರ್ಸ್ ಅತ್ತೆಗಾಗಿ. ತಾತನಿಗೆ ಉಳಿದಿರುವ ಒಂದು ಕಿವಿಗಾಗಿ. ಕಾಲು ಮುರಿದರೂ ನಮ್ಮನ್ನೆಲ್ಲ ಹೊತ್ತ ಸೋಫಾಗಳಿಗಾಗಿ. ಬಾಗಿಲ ಹೊರಗೆ ಬಿಚ್ಚಿಟ್ಟ ಬೂಟುಗಳಿಗಾಗಿ. ಬಿದ್ದರೂ ಬೈಯದ ಸಾಹೇಬರಿಗಾಗಿ. ಒಬ್ಬ ತರಲೆ ಹುಡುಗಿಯ ಸುಳ್ಳು ಹುಟ್ಟುಹಬ್ಬಕ್ಕೆ ವಾರ ವಾರವೂ ನಿಜವಾಗಿಯೇ ಹಾಡಿದವರಿಗಾಗಿ. ನಡುವೆ ನಗು ಬರಬಹುದೆಂದು ಹೆದರಿದ್ದೆ. ಬರಲಿಲ್ಲ. ಅಲ್ಲಿಗೇ ನಿಲ್ಲಿಸಿದೆ.

ಎಲ್ಲರೂ ಆಮೆನ್ ಅಂದರು. ಅವರದ್ದು ಮುಗಿದ ಮೇಲೆ, ಬಾಗಿಲ ಕಡೆಯಿಂದ ಮೆಲ್ಲಗೆ ಇನ್ನೊಂದು ಆಮೆನ್ ಬಂತು.

ನನ್ನನ್ನು ಠಾಣೆಗೆ ಕರೆದೊಯ್ಯುವಾಗ ತಾತ ಜೀಪಿನವರೆಗೂ ಬಂದರು. “ಸ್ವಲ್ಪ ಉದ್ದ ಆಯ್ತು ಕಣೆ,” ಎಂದು ನನ್ನ ತಲೆ ಸವರಿದರು. ಇದು ಒಂದೇ ಕಿವಿಯಲ್ಲಿ ಕೇಳಿಸಿಕೊಂಡವರ ಅಭಿಪ್ರಾಯವೆಂದು ಪರಿಗಣಿಸುವುದು. ಅವರು ಮನೆಗೆ ಹೋದರು. ಜೀಪಿನಲ್ಲಿ ನಾನೊಬ್ಬಳೇ ಇದ್ದೆ.

ಇಂದು ಪ್ರಾರ್ಥನೆ ನಡೆಸಿದವಳು ನಾನೇ. ಕಣ್ಣಾರೆ ಕಂಡ ಸಾಕ್ಷಿಯಾಗಿ ಸಾಹೇಬರಿದ್ದಾರೆ. ಕೊನೆಯ ಆಮೆನ್ ಯಾರದೆಂದು ಗುರುತಿಸಲಾರೆ, ಕಣ್ಣು ಮುಚ್ಚಿದ್ದೆ. ಓದಿ ಹೇಳಿದ್ದನ್ನು ಕೇಳಿದ್ದೇನೆ. ಒಂದಕ್ಷರವೂ ವಾಪಸು ಬೇಡ.

ಸ್ಥಳ: ಠಾಣೆಯ ಬೆಂಚು
ದಿನ: ಭಾನುವಾರ, ನನ್ನ ಹುಟ್ಟುಹಬ್ಬ
ಸಹಿ: ಚಿನಕುರಳಿ