ಹುಲಿಗೆವ್ವನ ಎಡಹುರಿ

ಕುಂದ್ರಿ, ಕುಂದ್ರಿ. ಹಿಂದಿನವ್ರು ಮುಂದ ಬರ್ರಿ, ಮುಂದಿನವ್ರು ಒಂಚೂರು ಸರೀರಿ. ನಾ ಹೇಳ್ತೀನಿ, ನೀವು ಹೂಂ ಅನ್ರಿ. ನಿಮ್ಮ ಹೂಂ ನಿಂತ್ರ ನನ್ನ ಕಥಿನೂ ನಿಂತ್ತು ಅಂತ ತಿಳೀರಿ.

ಯಾವ್ದೋ ಸೀಮಿ, ಯಾವ್ದೋ ಕಾಲ. ಅಲ್ಲೊಂದು ದೊಡ್ಡ ಹೊಳಿ. ಹೊಳಿ ದಂಡಿಗೆ ಒಂದೂರು. ಊರಾಗ ಒಂದು ಓಣಿ, ಓಣಿ ತುಂಬ ಹಗ್ಗ ಹೊಸಿಯೋ ಮಂದಿ. ಎತ್ತಿಗೆ ಬೇಕಂದ್ರ ಅವ್ರ ಹಗ್ಗ, ಬಾವಿಗೆ ಬೇಕಂದ್ರ ಅವ್ರ ಹಗ್ಗ, ತೊಟ್ಟಿಲಕ್ಕ ಬೇಕಂದ್ರೂ ಅವ್ರ ಹಗ್ಗನ. ಆ ಓಣ್ಯಾಗ ಹುಲಿಗೆವ್ವ ಅಂತ ಒಬ್ಬಾಕಿ ಇದ್ಳು. ಗಂಡ ತೀರಿಕೊಂಡಿದ್ದ. ಅಕಿ ಹೊಸೆದ್ರ ಊಟ ಉಂಟು, ಇಲ್ಲಂದ್ರ ಇಲ್ಲ.

ಈಗ ಒಂದು ಮಾತು ನೆಪ್ಪಿಟ್ಕೊಳ್ರಿ. ಓಣಿ ಮಂದಿ ಎಲ್ಲ ನಾರನ್ನ ಬಲಕ್ಕ ತಿರುವಿ ಹೊಸೀತಿದ್ರು. ಹುಲಿಗೆವ್ವ ಒಬ್ಬಾಕಿ ಎಡಕ್ಕ. ಯಾಕ? ಅಕಿ ತವರೂರಾಗ ಹಂಗನ. ಅವರವ್ವ ಹಂಗ ಕಲಿಸಿದ್ಳು. "ನಮ್ಮವ್ವ ಕೊಟ್ಟದ್ದು ಇದೊಂದ. ಬಂಗಾರ ಕೊಡಲಿಲ್ಲ, ಬೆಳ್ಳಿ ಕೊಡಲಿಲ್ಲ, ಎಡಹುರಿ ಕೊಟ್ಳು," ಅಂತಿದ್ಳು. ಕಣ್ಣು ಮುಚ್ಚಿ ಕೊಟ್ರೂ ತನ್ನ ಹಗ್ಗ ಯಾವ್ದಂತ ಬೆರಳಿನಿಂದ ಹೇಳ್ತಿದ್ಳು.

ಚಲೋನ ನಡೆದಿತ್ತು. ಅಷ್ಟರಾಗ ಏನಾತು? ಹೊಳಿ ಆಚಿ ದಂಡಿಗೆ ಒಬ್ಬ ಸಾಹುಕಾರ ಬಂದು ಹಗ್ಗದ ಕಾರ್ಖಾನಿ ಹಾಕಿದ. ಎತ್ತು ಕಟ್ಟಿ ತಿರುಗಿಸೋ ದೊಡ್ಡ ಗಾಲಿ, ಉದ್ದುದ್ದ ಹಗ್ಗ, ಅಗ್ಗದ ಹಗ್ಗ. ಓಣಿಗೆ ಬರೋ ಗಿರಾಕಿ ಅತ್ತ ಹೊಂಟ. ನಾರು ಮಾರಾವನೂ ಹಂಗ ಆದ, ಚಲೋ ನಾರು ಕಾರ್ಖಾನಿಗೆ, ಉದುರು ನಾರು ಓಣಿಗೆ. ಇವ್ರು ಒಬ್ಬೊಬ್ಬರ ಹೋಗಿ ಕೇಳಿದ್ರ ಅವ ಯಾಕ ಕಿವಿಗೊಡ್ತಾನ ಹೇಳ್ರಿ. ಒಂದು ಮನಿ ಬಾಗಲಾ ಹಾಕ್ತು, ಮತ್ತೊಂದು ಮನಿ ಬಾಗಲಾ ಹಾಕ್ತು. ಭರಮಪ್ಪ ಅಂತ ಹುಲಿಗೆವ್ವನ ಬಾಜೂ ಮನಿಯಾವ, ಅವನ ತಮ್ಮ ಸೈತ ಹೊಳಿ ದಾಟಿ ಕಾರ್ಖಾನ್ಯಾಗ ಕೂಲಿಗೆ ನಿಂತ. ಮುಂದ ಯಾರ ಪಾಳಿ? ಹುಲಿಗೆವ್ವಂದ. ಅಕಿಗೂ ಅದು ಗೊತ್ತಿತ್ತು.

ಹಿಂಗಿರುವಾಗ ಒಂದಿನ ಮುದಿಯಪ್ಪ ಬಂದ. ಮುದಿಯಪ್ಪ ಅಂದ್ರ ಅಂಬಿಗರ ಯಜಮಾನ. "ಈ ದಂಡಿಯಿಂದ ಆ ದಂಡಿತನಕ ಒಂದು ಹಗ್ಗ ಬೇಕು. ಅದನ್ನ ಹಿಡ್ಕೊಂಡು ದೋಣಿ ಜಗ್ತೀವಿ. ಹೊಳಿಗೆ ನೀರು ಬರೂದ್ರಾಗ ಕೊಡ್ರಿ. ನಿಮ್ಮ ಕೈಲೆ ಆಗಲಿಲ್ಲಂದ್ರ ಕಾರ್ಖಾನಿ ಐತಿ."

"ನಾ ಕೊಡ್ತೀನಿ," ಅಂದ ಭರಮಪ್ಪ. ಹೊಸೆದ, ಹೊಸೆದ, ಹೊಳಿ ನಡು ದಾಟ್ತು, ಆಚಿ ದಂಡಿಗೆ ಮುಟ್ಟಲಿಲ್ಲ. "ನಾ ಕೊಡ್ತೀನಿ," ಅಂದ್ಳು ಹುಲಿಗೆವ್ವ. ಹೊಸೆದಳು, ಹೊಸೆದಳು, ಅಕಿದೂ ಮುಟ್ಟಲಿಲ್ಲ. ಆಮ್ಯಾಲ ಇಬ್ಬರೂ ಮುಖ ಊದಿಸ್ಕೊಂಡು, ಇದನ್ನೂ ಅದನ್ನೂ ಜೋಡಿಸಿ ಕೊಡೋಣು ಅಂದ್ರು. ಜೋಡಿಸಿದ್ರು, ಹೊಳಿಗೆ ಅಡ್ಡ ಕಟ್ಟಿದ್ರು, ದೋಣ್ಯಾಗ ಕಲ್ಲು ಹೇರಿ ಜಗ್ಗಿದ್ರು.

ಏನಾತು? ಹೇಳ್ರಿ ನೋಡೋಣು. ಏ ಅಲ್ಲಿ ಆಕಳಿಸೋ ಅಣ್ಣಾ, ನೀ ಹೇಳು. ಗೊತ್ತಿಲ್ಲಲ್ಲ? ಜಗ್ಗಿದಾಗ ಬಲಹುರಿ ಬಿಚ್ಚಾಕ ಒಂದು ಕಡಿ ತಿರುಗ್ತೈತಿ. ಅದರ ತುದಿಗೆ ಕಟ್ಟಿದ ಎಡಹುರಿ ಬಿಚ್ಚಾಕೂ ಗಂಟು ಅದ ಕಡೀನ ತಿರುಗಬೇಕು. ಎರಡೂ ಕೂಡಿ ಗಂಟನ್ನ ಗರಗರ ತಿರುವಿದ್ವು. ಹುರಿ ಸಡಲಿತು, ಎಳಿ ಬಿಟ್ವು, ಹಗ್ಗ ಕಿತ್ತು ಹೋತು. ದೋಣಿ ಕಲ್ಲು ಹೊತ್ಕೊಂಡು ತೇಲಿ ಹೊಂಟ್ತು.

ಅಂಬಿಗರು ಈಜಿ ದೋಣಿ ಹಿಡಿದು ತಂದ್ರು. ಮುದಿಯಪ್ಪ ಬೈಲಿಲ್ಲ. ಬೈದಿದ್ರ ಚಲೋ ಇತ್ತು. "ಮೋಡ ಕಟ್ಟಾಕ ಹತ್ತ್ಯಾವ. ಇನ್ನೊಂದು ಸಲ ನೋಡ್ತೀನಿ, ಅಷ್ಟ," ಅಂದು ಹೋದ.

ಓಣಿ ಮಂದಿ ಬೇವಿನ ಗಿಡದ ಬುಡಕ ಕುಂತ್ರು. ಮೊದಲ ಜಗಳಾಡಿದ್ರು. ನಮ್ಮ ಮಂದಿ ಜಗಳಾಡದ ಯಾವ ಕೆಲಸ ಸುರು ಮಾಡ್ಯಾರ? ಜಗಳಾಡಿ ಸಾಕಾದ ಮ್ಯಾಲ ಭರಮಪ್ಪ ಅಂದ, "ಸಂಘ ಕಟ್ಟೋಣು. ನಾರು ತರಾಕ ಎಲ್ಲಾರೂ ಕೂಡಿ ಹೋಗೋಣು, ಆಗ ನಾರು ಮಾರಾವ ಉದುರು ನಾರು ಹೆಂಗ ಕೊಡ್ತಾನ ನೋಡೋಣು. ಕಾರ್ಖಾನ್ಯಾಗಿನಂಥ ಗಾಲಿ ಒಬ್ಬಗ ಆಗಂಗಿಲ್ಲ, ಓಣಿಗೆ ಆಕ್ಕೈತಿ. ಒಬ್ಬ ಕಟಗಿ ಕೊಡ್ಲಿ, ಒಬ್ಬ ಎತ್ತು ಕೊಡ್ಲಿ." ಎಲ್ಲಾರೂ ಹೌದಂದ್ರು. ಹುಲಿಗೆವ್ವನೂ ಹೌದಂದ್ಳು. "ಮತ್ತ ಹುರಿನೂ ಒಂದ ಇರಬೇಕು," ಅಂದ ಭರಮಪ್ಪ.

ಎಲ್ಲಾರ ಕಣ್ಣು ಹುಲಿಗೆವ್ವನ ಮ್ಯಾಲ. ಅಕಿ ಸೆರಗು ಝಾಡಿಸಿ ಎದ್ದು ಮನಿಗೆ ಹೋದ್ಳು.

ಸಂಜಿಗೆ ಭರಮಪ್ಪ ಅಕಿ ಕಟ್ಟಿಗೆ ಬಂದು ಕುಂತ. "ನಿನ್ನ ಹುರಿ ಕೆಟ್ಟದ್ದಂತ ನಾ ಅನ್ನಂಗಿಲ್ಲ, ಹುಲಿಗೆವ್ವಾ."

"ಹಂಗಾರ ನೀವೆಲ್ಲ ಎಡಕ್ಕ ತಿರುವ್ರಿ."

"ಇಷ್ಟು ಮಂದಿ ಕೈ ತಿರುಗಿಸೂದ್ರಾಗ ಹೊಳಿ ಬರ್ತೈತಿ. ನೀನೊಬ್ಬಾಕಿ ಕೈ ತಿರುಗಿಸಿದ್ರ ಓಣಿ ಉಳೀತೈತಿ."

"ನಮ್ಮವ್ವಂದು ಅದೊಂದ ಉಳದಿತ್ತು, ಭರಮಪ್ಪಾ."

ಅವ ತಲಿ ತಗ್ಗಿಸಿದ. "ನಂಗೂ ಒಬ್ಬನ ತಮ್ಮ ಇದ್ದ. ಈಗ ಆಚಿ ದಂಡಿಗೆ ಮಂದಿ ಗಾಲಿಗೆ ಎತ್ತು ಹೊಡೀತಾನ. ಯಾರಿಗೆ ಹೇಳ್ಲಿ?"

ಹುಲಿಗೆವ್ವನೂ ಬಂದು ಕಟ್ಟಿ ಮ್ಯಾಲ ಕುಂತ್ಳು. ಎಷ್ಟೋ ವರ್ಷ ಬಾಜೂಕ ಇದ್ರೂ ಅವ್ರು ಹಂಗ ಕುಂತಿದ್ದಿಲ್ಲ. ಕಡೀಗೆ ಹುಲಿಗೆವ್ವ ಅಂದ್ಳು, "ಕೈ ತಿರುಗಿಸ್ತೀನಿ. ಆದ್ರ ನಂದೂ ಒಂದು ಮಾತು ನಡೀಬೇಕು. ನೀವು ನಾರು ಬಿಸಿಲಿಗೆ ಒಣಗಿಸ್ತೀರಿ, ಲಗೂ ಆಗ್ತೈತಂತ. ಅದಕ್ಕ ಅದು ಕಡಕ್ ಆಗಿ ಮುರೀತೈತಿ. ನಾ ನೆರಳಾಗ ಒಣಗಿಸ್ತೀನಿ. ಇಷ್ಟು ದಿನ ಯಾರಿಗೂ ಹೇಳಿದ್ದಿಲ್ಲ. ಎಲ್ಲಾರೂ ಹಂಗ ಮಾಡ್ರಿ. ಹಗ್ಗಕ್ಕ ಒರಳಕಲ್ಲು ತೂಗಹಾಕಿ ನೋಡಿ, ನಾ ಹೌದಂದ ಹಗ್ಗನ ಜೋಡಿಸ್ಬೇಕು."

"ಆತು," ಅಂದ ಭರಮಪ್ಪ.

ಎಲ್ಲಾರೂ ಕೂಡಿ ಹೋದ್ರು, ಚಲೋ ನಾರು ಬಂತು. ಎಲ್ಲಾರೂ ಕೂಡಿ ಕಟಗಿ ಬಡಿದ್ರು, ಗಾಲಿ ಎದ್ದು ನಿಂತ್ತು. ಎಲ್ಲಾರೂ ಕೂಡಿ ಗಾಲಿಗೆ ಹಾಕೋ ಎಳಿ ಹೊಸಿಯಾಕ ಕುಂತ್ರು, ಹುಲಿಗೆವ್ವನ ಕೈ ಮಾತ್ರ ಕೇಳವಲ್ದು. ಬಲಕ್ಕ ಅಂದ್ರ ಎಡಕ್ಕ ಹೋಗ್ತಿತ್ತು. ಬಿಚ್ಚಿದ್ಳು, ಮತ್ತ ಹೊಸೆದ್ಳು. ಕಣ್ಣಾಗ ನೀರು ತಂದ್ಕೊಂಡು ಹೊಸೆದ್ಳು. ನನ್ನ ಕೇಳಿದ್ರ, ಬೆಳದ ಕೈಗೆ ಹೊಸ ದಾರಿ ಕಲಿಸೂದು ಸಣ್ಣ ಸಂಕಟ ಅಲ್ಲ.

ಹಗ್ಗ ತೂಗಿ ನೋಡೋ ದಿನ ಬಂತು. ಬೇವಿನ ಟೊಂಗಿಗೆ ಹಗ್ಗ, ಹಗ್ಗಕ್ಕ ಒರಳಕಲ್ಲು. ಒಂದು ನಿಂತ್ತು. ಇನ್ನೊಂದು ನಿಂತ್ತು. ಭರಮಪ್ಪಂದು ಹರದು ಧಪ್ಪಂತ ಬಿತ್ತು. ಹುಲಿಗೆವ್ವ ಎಳಿ ಹಿಡದು ನೋಡಿದ್ಳು. "ಬಿಸಿಲಿಗೆ ಹಾಕೀಯಲ್ಲ?"

"ಸ್ವಲ್ಪನ ಹಾಕಿದ್ದೆ," ಅಂದ.

"ಸಂಘ ಕಟ್ಟೋಣು ಅಂದಾವ ನೀನ. ನೀನ ಹಿಂಗ ಮಾಡಿದ್ರ?"

ಅವನ ಮುಖ ಕೆಂಪಾತು. ಹಗ್ಗ ಒಗದು ಹೊಂಟ. ಮುಗೀತು, ಸಂಘ ಒಡೀತು ಅಂದ್ಕೊಂಡ್ರು ಎಲ್ಲಾರೂ. ನಾನೂ ಹಂಗ ಅಂದ್ಕೊಂಡಿದ್ದೆ. ಆದ್ರ ಮರುದಿನ ನೋಡಿದ್ರ ಭರಮಪ್ಪನ ಪಡಸಾಲ್ಯಾಗ, ನೆರಳಾಗ, ಹೊಸ ನಾರು ತೂಗಾಡ್ತಿತ್ತು.

ಹೊಳಿ ಕೆಂಪಾಗಿ ಇಳದು ಬರೂದ್ರಾಗ ಹಗ್ಗ ಅಡ್ಡ ಬಿತ್ತು. ಈ ಸಲಾನೂ ದೋಣ್ಯಾಗ ಕಲ್ಲು ಹೇರಿದ್ರು, ಜಗ್ಗಿದ್ರು. ಗಂಟು ತಿರುಗಲಿಲ್ಲ, ಎಳಿ ಬಿಡಲಿಲ್ಲ, ಹಗ್ಗ ಅಲುಗಲಿಲ್ಲ. ದೋಣಿ ಹೋತು, ಬಂತು. ಕಾರ್ಖಾನಿಯವ್ರು ಆಚಿ ದಂಡಿಗೆ ನಿಂತು ನೋಡಿದ್ರು.

ಮುದಿಯಪ್ಪ ದೋಣಿ ಇಳದು ಬಂದ. "ಕೆಳಗಿನ ಊರಿನ ದೋಣಿಗೂ ನಿಮ್ಮ ಹಗ್ಗನ ಬೇಕು. ಅವ್ರು ಕೇಳ್ತಾರ, ಇದು ಯಾರು ಹೊಸೆದದ್ದು ಅಂತ. ಯಾರ ಹೆಸರು ಹೇಳ್ಲಿ?"

ಮೊದಲಾಗಿದ್ರ ಎಲ್ಲಾರೂ ನಾನು ನಾನು ಅಂತಿದ್ರು. ಈಗ ಭರಮಪ್ಪನೂ ಹುಲಿಗೆವ್ವನ ಕಡೀಗೆ ನೋಡಿದ. ಹುಲಿಗೆವ್ವ ಮೆಲ್ಲಕ ಮುಂದ ಬಂದ್ಳು. ಗೂಟದ ಹತ್ರ ಹಗ್ಗ ಮುಟ್ಟಿದ್ಳು. ಮುಟ್ಟಿಕೋತ, ಬೆರಳು ಸವರಿಕೋತ ನೀರಿನತನಕ ಹೋದ್ಳು, ಮೊಣಕಾಲು ನೀರಾಗ ನಿಂತ್ಳು. ಮತ್ತ ತಿರುಗಿ ಬಂದ್ಳು.

"ನಂದು ಯಾವ್ದಂತ ನನಗ ಗೊತ್ತಾಗವಲ್ದು," ಅಂದ್ಳು. ಅಕಿಗೆ ದುಃಖಾನೂ ಹೌದು, ಸಂತೋಷಾನೂ ಹೌದು, ಎರಡೂ ಕೂಡೇ ಬಂದಿದ್ವು. "ಓಣಿ ಹೆಸರು ಹೇಳ್ರಿ, ಯಜಮಾನ್ರ."

ಅವತ್ತು ಮನಿಗೆ ಹೋಗಿ ಅತ್ತಳು, ಸುಳ್ಳ್ಯಾಕ ಹೇಳ್ಲಿ. ಅತ್ತು ಮುಗಿಸಿ ಹೊಟ್ಟಿ ತುಂಬ ರೊಟ್ಟಿ ಉಂಡ್ಳು. ಮರುದಿನ ಮುಂಜಾನೆ ಎಲ್ಲಾರಕಿಂತ ಮೊದಲ ಗಾಲಿ ಹತ್ರ ಬಂದು ಕುಂತಿದ್ಳು.

ಅವ್ರು ಹೊಳಿ ದಾಟಿದ್ರು, ನಾವು ಕಥಿ ದಾಟಿದ್ವಿ. ಹೂಂ ಅಂದವ್ರ ಮನಿ ತಣ್ಣಗಿರ್ಲಿ, ಆಕಳಿಸಿದವ್ರಿಗೆ ನಿದ್ದಿ ಹತ್ತಲಿ. ಏಳ್ರಿ, ನಡೀರಿ.