ಕೊನೆಯವರೆಗೂ ಬದುಕುವ ಪಾತ್ರ

ಹಾಲಿವುಡ್ ಪಕ್ಕದ ಬರ್ಬ್ಯಾಂಕಿನ ಮೂಳೆ ಡಾಕ್ಟರ ಬಳಿ ಸರದಿ ಕಾಯುತ್ತಿದ್ದ ಲೊರೀನ್‌ಗೆ ಪಕ್ಕದ ಮುದುಕನನ್ನು ಎಲ್ಲೋ ನೋಡಿದ ಹಾಗಿತ್ತು. ಕೌಬಾಯ್ ಸಿನಿಮಾಗಳಲ್ಲಿ ಗುಂಡು ತಿಂದು ಕುದುರೆಯಿಂದ ಉರುಳುವವನು! ಮುಖ ಊರಿಗೆಲ್ಲ ಗೊತ್ತು, ಹೆಸರು ಕೇಳಿದರೆ ಒಬ್ಬನೂ ಹೇಳಲಾರ.

"ಕುರ್ಚೀಲಿ ಕೂತಿರೋ ತಾತನ ಪಾತ್ರವಂತೆ, ವರ್ನಾ. ಕುದುರೇನೇ ಇಲ್ಲ! ಆಗಲ್ಲ ಅಂದ್ಬಿಡ್ತೀನಿ," ಎಂದ ಮುದುಕ, ಆಚೆ ಪಕ್ಕ ಕೂತಿದ್ದ ಹೆಂಡತಿಗೆ.

"ಸೊಂಟ ಮುರಿದ್ರೂ ಕೊಬ್ಬು ಇಳಿದಿಲ್ಲ ನಿಂಗೆ. ಆ ತಾತ ಸಾಯ್ತಾನಾ?"

"ಇಲ್ಲ, ಕೊನೇವರೆಗೂ ಇರ್ತಾನೆ."

"ಹಾಗಾದ್ರೆ ಒಪ್ಕೋ."

"ಯಾಕೆ?"

"ನೀನು ಸತ್ತ ಕೂಡ್ಲೇ ಥಿಯೇಟರಿಂದ ಎದ್ದು ಬರೋಳು ನಾನು. ನಿನ್ನ ಒಂದು ಸಿನಿಮಾನೂ ಪೂರ್ತಿ ನೋಡಿಲ್ಲ ಕಣೋ."

ಅಷ್ಟರಲ್ಲಿ ನರ್ಸ್ ಕರೆದಳು. ಮುದುಕ ಹೆಂಡತಿಯ ಭುಜ ಹಿಡಿದು ಮೆಲ್ಲಗೆ ಎದ್ದ.

"ಈ ಸಲ ಪಾಪ್‌ಕಾರ್ನ್ ದೊಡ್ಡದೇ ತಗೋ," ಅನ್ನುತ್ತಾ ಕುಂಟಿಕೊಂಡು ಒಳಗೆ ನಡೆದ.