ಪುಟ ಸಿಗಲಿಲ್ಲ, ಈ ನಂಬರಿಗೆ ಕರೆ ಮಾಡಿ

"ಹಲೋ... ಯಾರು ಮಾತಾಡೋದು? ... ಬೀಗದಕ್ಕನ ಅಂಗಡಿನಾ? ... ಹಾಂ, ಹಾಂ, ಸರಿಯಾಗೇ ಬಂತು ಹಾಗಾದ್ರೆ."

ಬೀಗದಕ್ಕ ಕೂತಿದ್ದದ್ದೇ ತನ್ನ ಅಂಗಡಿಯಲ್ಲಿ. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, ದನಿ ಬದಲಿಸಿ, ವೆಬ್‌ಸೈಟ್ ಮಾಡಿಕೊಟ್ಟವನ ಫೋನಿನಲ್ಲಿ ಮಾತಾಡುತ್ತಿದ್ದಳು. ನಿಮ್ಮ ಕಡೆಯವರು ಬಂದು ಬಾಗಿಲು ತೆಗೆದುಕೊಟ್ಟರು ಎಂದು ಬೆಳಿಗ್ಗೆ ಟೀಚರಮ್ಮ ಹೊಗಳಿ ಹೋಗಿದ್ದರು. ಅವಳು ಯಾರನ್ನೂ ಕಳಿಸಿರಲಿಲ್ಲ. ಹುಡುಕಿದರೆ, ಅಂಗಡಿಯ ವೆಬ್‌ಸೈಟಿನ ವಿಳಾಸ ತಪ್ಪಾಗಿ ಒತ್ತಿದವರಿಗೆ ಕಾಣುವ 'ಪುಟ ಸಿಗಲಿಲ್ಲ' ಎಂಬ ಪುಟದಲ್ಲಿ ಯಾರದೋ ನಂಬರು! ಹಾಗೆ ಹಾಕಿ ಎಂದು ಅಂಗಡಿಯ ಇಮೇಲಿನಿಂದಲೇ ಬಂದಿತ್ತು ಎಂದ ವೆಬ್‌ಸೈಟಿನವನು. ಅವನನ್ನೂ ಅವಳು ಪೂರ್ತಿ ನಂಬಿರಲಿಲ್ಲ, ಎದುರಿಗೇ ಕೂರಿಸಿಕೊಂಡಿದ್ದಳು.

"ಬಾಗಿಲು ಲಾಕ್ ಆಗ್ಬಿಟ್ಟಿದೆ... ಅಕ್ಕನೇ ಬರ್ತಾರಾ? ... ಓ, ಹುಷಾರಿಲ್ವಾ? ಏನಾಗಿದೆ ಪಾಪ? ... ಮಂಡಿ ನೋವಾ!"

ಅವಳ ಮಂಡಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ಟೀಚರಮ್ಮನ ಮನೆಗೂ ನೀವೇ ಹೋಗಿದ್ರಂತೆ, ಅಲ್ವಾ? ... ಹೊಸ ಕೀನೂ ಮಾಡಿಕೊಟ್ರಂತೆ. ಎಷ್ಟು ಮಾಡಿದ್ರಿ, ಎರಡಾ, ಮೂರಾ? ... ಅಲ್ಲ, ಸುಮ್ನೆ ಕೇಳ್ದೆ."

ಆ ಕಡೆಯ ನಗು ಕೇಳಿದ್ದೇ ಅವಳಿಗೆ ಗುರುತು ಸಿಕ್ಕಿತು. ಗಿರಾಕಿಯ ಕೀಗೆ ಕಳ್ಳ ನಕಲು ಮಾಡಿಟ್ಟುಕೊಂಡನೆಂದು ಎರಡು ವರ್ಷದ ಹಿಂದೆ ಅಂಗಡಿಯಿಂದ ಆಚೆ ಹಾಕಿದ್ದ ಒಡಹುಟ್ಟಿದ ತಮ್ಮ. ಕರವಸ್ತ್ರ ಕೆಳಗಿಟ್ಟಳು.

"ಏನೋ, ಅಕ್ಕನ ದನಿ ಮರೆತೇಹೋಯ್ತಾ? ... ಇಡಬೇಡ! ಫೋನ್ ಇಟ್ರೆ ಸೀದಾ ಪೊಲೀಸ್ ಸ್ಟೇಷನ್ನಿಗೇ ಹೋಗ್ತೀನಿ. ... ಇಮೇಲ್ ಪಾಸ್‌ವರ್ಡ್ ಹೇಗೆ ಸಿಕ್ತು? ... ನೀನಿದ್ದಾಗಿನ ಹಳೇದೇನಾ? ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬೀಗ ಬದಲಾಯಿಸಿ ಅಂತ ಊರಿಗೆಲ್ಲ ಹೇಳೋಳು ನಾನು."

ಫೋನಿಗೆ ಅಂಗೈ ಮುಚ್ಚಿ ವೆಬ್‌ಸೈಟಿನವನತ್ತ ತಿರುಗಿದಳು.

"ಬರ್ಕೊಳ್ರೀ. 'ಈ ಪುಟ ಇಲ್ಲ. ಅಂಗಡಿ ಇದೆ, ಅಕ್ಕನೂ ಇದ್ದಾಳೆ. ಇಲ್ಲಿದ್ದ ಹಳೇ ನಂಬರಿನವರ ಕೈಲಿ ಬಾಗಿಲು ತೆಗೆಸಿದ್ದರೆ ತಿಳಿಸಿ, ನಾವೇ ಬಂದು ಬೀಗ ಬದಲಾಯಿಸ್ತೀವಿ.' ನನ್ನ ನಂಬರು ಒಂದೊಂದೇ ಓದ್ತೀನಿ, ನನ್ನ ಕಣ್ಣೆದುರಿಗೇ ಹಾಕಿ."

ಅವನು ಹಾಕಿದ. ಅವಳು ಎರಡು ಸಲ ಓದಿ ನೋಡಿ, ಅಂಗೈ ತೆಗೆದಳು.

"ಹಾಂ, ಇದ್ದೀಯಾ? ... ಯಾರ್ಯಾರ ಮನೆ ಕೀ ಇಟ್ಕೊಂಡಿದ್ದೀಯ, ಹೇಳು. ... ಟೀಚರಮ್ಮಂದು, ಗೊತ್ತು. ... ಯಾವ ಟೈಲರು, ಮೇಲ್ಮಹಡಿಯೋರಾ? ... ಹಲ್ಲಿನ ಡಾಕ್ಟರದ್ದೂನಾ! ... ಅಷ್ಟೇನಾ? ... ಆಣೆಗೀಣೆ ಬೇಡ. ಅಷ್ಟೇನಾ? ... ಇನ್ನೊಂದಾ? ಯಾರದು? ... ನನ್ನ ಮನೇದಾ? ... ಹೇಳೋ, ಅಕ್ಕನ ಮನೇದೇನೋ?"

ಲೈನು ಕಟ್ಟಾಯಿತು. ಅವಳು ನಾಲ್ಕು ಹೊಸ ಬೀಗ ಚೀಲಕ್ಕೆ ಹಾಕಿಕೊಂಡು, ಮೊದಲು ಟೀಚರಮ್ಮನ ಮನೆಗೆ ನಡೆದಳು.